ಎರಡನೇ ವಾಕ್ಯ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಮನೆಮಂದಿಗೆಲ್ಲ ಗೊತ್ತು. ಅಕ್ಕನಿಗೆ ಮಾತು ಕಲಿಸುವ ಮೇಡಂಗೂ ಗೊತ್ತಾಗಿತ್ತು ಅಂತ ಕಾಣುತ್ತದೆ, ತಾಕೀತು ಮಾಡಿದ್ದು ನನಗೇ. ಸ್ಟ್ರೋಕ್ ಆದಮೇಲೆ ಅಕ್ಕನ ಬುದ್ಧಿಯೆಲ್ಲ ನೆಟ್ಟಗೇ ಇದೆ, ಮಾತು ಮಾತ್ರ ತಡವಾಗಿ ಬರುತ್ತದೆ. ಅಂಗಡಿಗೆ ಹೋಗಿ ಅವಳೇ ಕೇಳಿ ತರಲಿ, ನೀವು ಜೊತೆಗಿದ್ದರೂ ಬಾಯಿಗೆ ಬೀಗ ಹಾಕಿಕೊಳ್ಳಿ ಎಂದಿದ್ದರು. ಅಕ್ಕನದೂ ಒಂದು ಷರತ್ತಿತ್ತು: ಕಾಯಿಲೆಯ ಸುದ್ದಿ ಯಾರ ಮುಂದೆಯೂ ಎತ್ತಕೂಡದು. ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ವರ್ಷಗಟ್ಟಲೆ ಊರಿಗೆಲ್ಲ ಕೇಳುವ ಹಾಗೆ ರೈಲುಗಳ ಹೊತ್ತು ಹೇಳಿದವಳು, ಅಯ್ಯೋ ಪಾಪ ಅನ್ನಿಸಿಕೊಳ್ಳುವುದೆಂದರೆ ಆಗದು. ಅಂಗಡಿಯಲ್ಲಿ ಕೇಳಿ ತರುವುದು ಆಗದಿದ್ದರೆ ಇನ್ನು ಹೊಸಿಲು ದಾಟುವುದಿಲ್ಲ ಅಂತಲೂ ಹೇಳಿಬಿಟ್ಟಿದ್ದಳು.

ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ನಾನೇ ಬೇಕರಿಯವಳು, ಮಡಚಿದ ಟವೆಲ್ಲೇ ಬ್ರೆಡ್ಡು. "ಒಂದು ಗೋಧಿ ಬ್ರೆಡ್ ಕೊಡಿ" ಅಂತ ಅವಳು ಮುಗಿಸಿದ ಕೂಡಲೇ ನಾನು ಟವೆಲ್ ಕೈಗಿಡುತ್ತಿದ್ದೆ. ಬ್ರೆಡ್ ಖಾಲಿಯಾಗಿದ್ದರೆ ಏನು ಮಾಡಬೇಕು ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಬೇಕರಿಯಲ್ಲಿ ಸಾಲಿತ್ತು. ನಮ್ಮ ಹಿಂದೆ ಹೆಲ್ಮೆಟ್ ಕೂಡ ತೆಗೆಯದ ಒಬ್ಬ, ಮೈಮೇಲೆ ಬೀಳುವಷ್ಟು ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಅಕ್ಕನ ಸರದಿ ಬಂತು. "ಒಂದು... ಗೋಧಿ ಬ್ರೆಡ್... ಕೊಡಿ." ಪೂರ್ತಿ ಬಂತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಗೋಧಿಯದು ಖಾಲಿ, ಬೇರೇನು ಕೊಡಲಿ ಎಂದು ಅಂಗಡಿಯವರು ಕೇಳಿದರು.

ಅಕ್ಕನ ಕಣ್ಣು ಕಪಾಟಿನ ಉದ್ದಕ್ಕೂ ಓಡಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ಹೆಲ್ಮೆಟ್ಟಿನವನು ಲೊಚಗುಟ್ಟಿ, ಅವಳ ಹೆಗಲ ಮೇಲಿಂದಲೇ ಕೈ ಚಾಚಿ ಗಾಜಿನ ಮೇಲೆ ನೋಟು ಇಟ್ಟ. ಅಂಗಡಿಯವರು ಅದನ್ನು ಮುಟ್ಟದೆ ಅಕ್ಕನನ್ನೇ ನೋಡುತ್ತ ನಿಂತರು.

"ಬೇಗ ಬಾಯಿ ಬಿಡಮ್ಮ," ಅಂದ ಅವನು. "ನಿನ್ನೊಬ್ಬಳಿಗೇ ಅಂತ ಅಂಗಡಿ ಇಟ್ಟಿಲ್ಲ."

ಅಷ್ಟೇ, ನನ್ನ ಪಿತ್ತ ನೆತ್ತಿಗೇರಿತು. ಅವನ ಜನ್ಮ ಜಾಲಾಡಿಬಿಟ್ಟೆ. ಹೆತ್ತವರು ಇದನ್ನೇ ಕಲಿಸಿದ್ದಾ ಎಂದೆ, ತಲೆಗೆ ಹೆಲ್ಮೆಟ್ ಹಾಕಿದವನು ನಾಲಿಗೆಗೂ ಒಂದು ಹಾಕಿಕೋ ಎಂದೆ. ನನ್ನ ನಾಲಿಗೆಗೆ ಎಲುಬೆಲ್ಲಿದೆ? ಅದೇ ಓಟದಲ್ಲಿ ಇದೂ ಬಂದುಬಿಟ್ಟಿತು: "ಅವಳಿಗೆ ಸ್ಟ್ರೋಕ್ ಆಗಿದೆ ಕಣಯ್ಯಾ, ಮಾತು ಬರಲ್ಲ."

ಸಾಲಿಗೆ ಸಾಲೇ ತಿರುಗಿ ಅಕ್ಕನನ್ನು ನೋಡಿತು. ಯಾರೋ ಅಯ್ಯೋ ಪಾಪ ಅಂದರು. ಅವನೂ ನೋಟು ಎತ್ತಿಕೊಂಡು, ಗೊತ್ತಿರಲಿಲ್ಲ ಎಂದು ಗೊಣಗಿ ಹಿಂದೆ ಸರಿದ. ಗೆದ್ದ ಹುಮ್ಮಸ್ಸಿನಲ್ಲಿ ನಾನೇ ಬಿಳಿ ಬ್ರೆಡ್ ಕೇಳಿ ತೆಗೆದುಕೊಂಡೆ. ತಿರುಗಿ ನೋಡಿದರೆ ಅಕ್ಕ ಪಕ್ಕದಲ್ಲಿ ಇರಲಿಲ್ಲ.

ಹೊರಗೆ ಕಂಬ ಹಿಡಿದು ನಿಂತಿದ್ದಳು. ಅವನಿಗೆ ಹೇಗೆ ಬುದ್ಧಿ ಕಲಿಸಿದೆ ನೋಡಿದೆಯಾ ಅಂದೆ. ಅವಳ ತುಟಿ ಅಲುಗಿತು. ಮುಂದಿನ ಮಾತು ನಾನೇ ಎತ್ತಿಕೊಡಲು ಹೋದೆ, ಕೈ ಅಡ್ಡ ಹಿಡಿದಳು.

"ಅಂಗಡಿಯವರು... ಕಾಯ್ತಾ ಇದ್ರು," ಅಂದಳು. "ನೀನು... ಕಾಯ್ಲಿಲ್ಲ."

ಮತ್ತೆ ಒಳಗೆ ಹೋಗಿ ಸಾಲಿನ ಕೊನೆಗೆ ನಿಂತಳು. ನನಗೆ ಅಳು ಬಂತು. ನೋಡುತ್ತ ನಿಂತರೆ ಬಾಯಿ ಸುಮ್ಮನಿರುವುದಿಲ್ಲವೆಂದು ಬ್ರೆಡ್ ಹಿಡಿದುಕೊಂಡು ರಸ್ತೆಯ ಕಡೆ ತಿರುಗಿದೆ.

ಅಕ್ಕ ಬಂದಾಗ ಕೈಯಲ್ಲಿ ಒಂದು ಪೊಟ್ಟಣವಿತ್ತು. ಏನು ತಂದೆ, ಹೇಗೆ ಕೇಳಿದೆ, ಮತ್ತೆ ಯಾರಾದರೂ ಏನಾದರೂ ಅಂದರಾ, ಎಲ್ಲ ಗಂಟಲಿಗೆ ಬಂದು ನಿಂತಿತ್ತು, ನುಂಗಿಕೊಂಡೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಸಿಗ್ನಲ್ ಬಂತು, ರಸ್ತೆ ದಾಟಿದೆವು, ನಮ್ಮ ಬೀದಿಯ ತಿರುವೂ ಬಂತು. ನಾನು ಕಾಯುತ್ತಲೇ ನಡೆದೆ.