ಬೀಜಕ್ಕೆ ಬಿಟ್ಟ ಹೂವು

"ಬೆಳಿಗ್ಗೆ ಟೆರೇಸಿಗೆ ಯಾರಾದ್ರೂ ಬಂದಿದ್ರಾ ಕೋಕಿಲಮ್ಮ?"

ಕೆಳಮನೆಯ ವಿಶಾಲಮ್ಮ ಬಾಗಿಲಲ್ಲಿ ನಿಂತು ಕೇಳಿದಾಗ ಕೋಕಿಲಾ ಆಗಷ್ಟೇ ಪೂಜೆ ಮುಗಿಸಿ, ಗಂಟೆ ಕೈಯಲ್ಲಿ ಹಿಡಿದೇ ಬಂದಿದ್ದಳು. ಟೆರೇಸಿನ ಕುಂಡಗಳೆಲ್ಲ ವಿಶಾಲಮ್ಮನವು. ಅಲ್ಲಿಂದ ನಾಲ್ಕು ಹೂವು ಕೊಯ್ಯಲು ಕೋಕಿಲಾ ಎಂದೂ ಕೇಳಿದವಳಲ್ಲ. ದೇವರಿಗೆ ತಾನೇ. ಚಾಮರಾಜಪೇಟೆಯಲ್ಲಿ ಬೆಳಗಾಗೆದ್ದು ಕವರು ಹಿಡಿದು, ಕಂಡವರ ಕಾಂಪೌಂಡಿನ ಕೊಂಬೆ ಬಗ್ಗಿಸುವವರು ಯಾರು ಕೇಳುತ್ತಾರೆ? ಇವತ್ತು ದಾಸವಾಳ ಅರಳಿರಲಿಲ್ಲ. ಮೂಲೆಯ ಎರಡು ಕುಂಡಗಳಲ್ಲಿ ನೇರಳೆ ಎಲೆಯ ಗಿಡಗಳ ತುಂಬ ಸಾಸಿವೆ ಹೂವಿನಂಥ ಹಳದಿ ಹೂವು. ಕೈಗೆಟುಕಿದ್ದನ್ನೆಲ್ಲ ಕೊಯ್ದು ತಂದಿದ್ದಳು.

"ಇಲ್ವಲ್ಲ ಆಂಟಿ. ಕೋತಿ ಇರ್ಬೇಕು."

ವಿಶಾಲಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಗಿಡ ಎಲೆಕೋಸಿನ ಜಾತಿಯ ಕೇಲ್ ಸೊಪ್ಪಂತೆ. ಅವರಪ್ಪ ಕೆಂಚಪ್ಪ ನಂದಿಬೆಟ್ಟದ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದಾಗ ತಂದ ಬೀಜ. ಒಂದೇ ಹಿಡಿ ಬೀಜದಲ್ಲಿ ಒಂದು ಗಿಡ ನೇರಳೆ, ಇನ್ನೊಂದರ ದಂಟು ಗುಲಾಬಿ, ಮತ್ತೊಂದು ಬೂದಿಹಸಿರು. ಈ ಊರಿನ ಸೆಕೆಗೆ ಅದು ಸುಲಭಕ್ಕೆ ಹೂ ಬಿಡುವುದಿಲ್ಲ. ತಮ್ಮನ ಮನೆಯಲ್ಲಿ ಉಳಿದಿದ್ದ ಕೊನೆಯ ಚಿಟಿಕೆ ಹಾಕಿ ಎರಡು ವರ್ಷ ಕಾದಿದ್ದರು. ಈ ಚಳಿಗೆ ಹೂ ಬಂದಿತ್ತು.

"ಬೀಜಕ್ಕೆ ಬೇಕು ಅಂತ ಒಂದು ಎಲೇನೂ ಸಾರಿಗೆ ಹಾಕ್ಲಿಲ್ಲ ಕಣಮ್ಮ."

ಕೋಕಿಲಾ ನೀರು ತರಲು ತಿರುಗಿದಳು. ವಿಶಾಲಮ್ಮನ ಕಣ್ಣೂ ಅವಳ ಹಿಂದೆಯೇ ಒಳಗೆ ಬಂತು. ದೇವರಮನೆಯ ಬಾಗಿಲು ತೆರೆದೇ ಇತ್ತು. ರಾಯರ ಪಟದ ಮೇಲೆ, ದೀಪದ ಬುಡದಲ್ಲಿ, ಎಲ್ಲೆಲ್ಲೂ ಹಳದಿ.

ಕೋಕಿಲಾ ಲೋಟ ತಂದುಕೊಟ್ಟಳು. ವಿಶಾಲಮ್ಮ ನೀರು ಕುಡಿದು, ಒಳಗಿನ ದೇವರಿಗೆ ಕೈ ಮುಗಿದರು.

"ಕೋತಿಗೇನು ಗೊತ್ತಾಗತ್ತೆ. ಹೋಗ್ಲಿ ಬಿಡಮ್ಮ," ಎಂದು ಮಂಡಿ ಹಿಡಿದು ಎದ್ದರು.

ಅಂದೆಲ್ಲ ಕೋಕಿಲಾ ದೇವರಮನೆಯ ಕಡೆ ಹೋಗಲಿಲ್ಲ. ಸಂಜೆ ದೀಪವನ್ನೂ ಗಂಡನೇ ಹಚ್ಚಿದ.

ಮರುದಿನ ಕದ ತೆಗೆದರೆ ಚಿಲಕಕ್ಕೆ ಒಂದು ಕವರು ನೇತುಬಿದ್ದಿತ್ತು. ಒಳಗೆ ಆಗಷ್ಟೇ ಬಿಡಿಸಿದ ದಾಸವಾಳ, ಐದು.

ಕವರು ಹಿಡಿದೇ ಅವಳು ಟೆರೇಸಿಗೆ ಹತ್ತಿದಳು. ವಿಶಾಲಮ್ಮ ಸ್ಟೂಲಿನ ಮೇಲೆ ನಿಂತು, ನಿನ್ನೆ ಕೋಕಿಲಾಳ ಕೈಗೆಟುಕದೆ ತುದಿಯಲ್ಲಿ ಉಳಿದಿದ್ದ ಹೂಗೊಂಚಲುಗಳನ್ನು ಹಳೆ ಸೀರೆಯ ಅಂಚಿನಿಂದ ಕೋಲಿಗೆ ಕಟ್ಟುತ್ತಿದ್ದರು.

"ಆಂಟಿ, ಅದು ಕೋತಿ ಅಲ್ಲ."

ವಿಶಾಲಮ್ಮ ತಿರುಗದೆಯೇ, "ಈ ತುದಿ ಹಿಡ್ಕೊಳ್ಳಮ್ಮ," ಎಂದರು.

ಕೋಕಿಲಾ ಕವರು ಕೆಳಗಿಟ್ಟು ಹಿಡಿದುಕೊಂಡಳು. ಎಲ್ಲಿಂದಲೋ ಒಂದು ಜೇನುಹುಳ ಬಂದು ಹೂವಿನ ಸುತ್ತ ಸುಳಿಯಿತು. ಅದು ಕೂರುವವರೆಗೂ ಇಬ್ಬರೂ ಕೈ ಅಲುಗಿಸಲಿಲ್ಲ.