ಮೊಳೆಗೆ ಸುತ್ತಿದ ತಂತಿ

ಚಿಕ್ಕಲಸಂದ್ರದ ಆ ಕಟ್ಟಡದ ಮೊದಲ ಮಹಡಿಯಲ್ಲಿ ಇಸಿಜಿ ಯಂತ್ರಗಳಿಗೆ ಸರ್ಕ್ಯೂಟ್ ಬೋರ್ಡ್ ತಯಾರಾಗುತ್ತಿದ್ದವು. ರೋಗಿಗಳ ಎದೆಬಡಿತ ಅಳೆಯಬೇಕಾದ ಬೋರ್ಡುಗಳು ಆ ಜನವರಿಯಲ್ಲಿ ತಾವೇ ಪ್ರಾಣ ಬಿಡತೊಡಗಿದವು. ಇಲ್ಲಿ ಪರೀಕ್ಷೆಯಲ್ಲಿ ಪಾಸಾಗಿ, ಆಸ್ಪತ್ರೆಗೆ ಹೋಗಿ, ವಾರದೊಳಗೆ ಕೆಟ್ಟು ವಾಪಸ್ ಬರುತ್ತಿದ್ದವು.

ಹನ್ನೊಂದು ವರ್ಷದಿಂದ ಅಲ್ಲಿ ಬೆಸುಗೆ ಹಾಕುತ್ತಿದ್ದ ಶಾಂತಲಾಗೆ ಕಾರಣ ಗೊತ್ತಿತ್ತು. ಒಣಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ತು ಕೂಡಿಕೊಳ್ಳುತ್ತದೆ. ಅದು ನಮಗೆ ಚುರುಕ್ಕೆನ್ನುವ ಎಷ್ಟೋ ಮೊದಲೇ ಬೋರ್ಡಿನ ಮೈಕ್ರೋಚಿಪ್ಪನ್ನು ಒಳಗೇ ಸುಟ್ಟಿರುತ್ತದೆ. ಕೈಗೆ ಪಟ್ಟಿ ಕಟ್ಟಿ, ಅದರ ತಂತಿಯನ್ನು ನೆಲದಲ್ಲಿ ಹೂತ ಪೈಪಿಗೆ, ಅಂದರೆ ಅರ್ತಿಂಗ್‌ಗೆ ಕೊಟ್ಟರೆ ಆ ವಿದ್ಯುತ್ತು ಸದ್ದಿಲ್ಲದೆ ನೆಲಕ್ಕಿಳಿದುಹೋಗುತ್ತದೆ. ಇದನ್ನು ಆಕೆ ಮಾಲೀಕ ಮೋಹಿತ್‌ಗೆ ಎರಡು ಸಲ ಹೇಳಿದ್ದಳು. ಆದರೆ ಹೇಳಿದ್ದು ಕನ್ನಡದಲ್ಲಿ, ಅದೂ ಪುಕ್ಕಟೆಯಾಗಿ. ಹಾಗಾಗಿ ಜೆ.ಪಿ. ನಗರದಿಂದ ರಾಮಪ್ರಸಾದ ಎಂಬ ಸಲಹೆಗಾರರು ಬಂದು, ಎರಡು ದಿನ ಸ್ಲೈಡ್ ತೋರಿಸಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಹೋದರು.

ಆಮೇಲೆ ನೋಡಬೇಕಿತ್ತು. ಮೇಜುಗಳಿಗೆ ನೀಲಿ ರಬ್ಬರ್ ಹಾಸು, ಎಲ್ಲರ ಮಣಿಕಟ್ಟಿಗೂ ಪಟ್ಟಿ, ಗೋಡೆಗೆ ಹಳದಿ ಎಚ್ಚರಿಕೆ ಫಲಕ. ತನ್ನದೂ ಒಂದು ಕೊಡುಗೆ ಇರಲೆಂದು ಮೋಹಿತ್ ಎಲ್ಲರಿಗೂ ಕಂಪನಿಯ ಹೆಸರಿದ್ದ ನೈಲಾನ್ ಜಾಕೆಟ್ ಹೊಲಿಸಿದ. ನೈಲಾನಿನಷ್ಟು ಶ್ರದ್ಧೆಯಿಂದ ಸ್ಥಿರ ವಿದ್ಯುತ್ತು ಹುಟ್ಟಿಸುವ ಬಟ್ಟೆ ಅಪರೂಪ. ಫೋಟೊಗಳು ಮಾತ್ರ ಸಖತ್ತಾಗಿ ಬಂದವು.

ಫೆಬ್ರವರಿಯಲ್ಲಿ ಇನ್ನೂ ಹೆಚ್ಚು ಬೋರ್ಡುಗಳು ವಾಪಸ್ ಬಂದವು.

“ಶಾಂತಲಾ, ನೀವು ಪಟ್ಟಿ ಸರಿಯಾಗಿ ಕಟ್ಕೊತಿಲ್ಲ ಅನ್ಸುತ್ತೆ,” ಎಂದ ಮೋಹಿತ್, ಎಲ್ಲರ ಮುಂದೆಯೇ.

ಊಟಕ್ಕೆ ಎಲ್ಲರೂ ಎದ್ದುಹೋದ ಮೇಲೆ ಶಾಂತಲಾ ಮೇಜಿನ ಕೆಳಗೆ ನುಸುಳಿ, ಹಸಿರು ತಂತಿಯನ್ನು ಬೆರಳಲ್ಲಿ ಹಿಡಿದು ಅದು ಹೋದತ್ತ ಹೋದಳು. ಎಂಟು ಮೇಜುಗಳ ತಂತಿ ಒಂದಾಗಿ, ಅಂದವಾದ ಪೈಪಿನೊಳಗೆ ಸಾಗಿ, ಬೀರುವಿನ ಹಿಂದೆ ಗೋಡೆಗೆ ಹೊಡೆದ ಮೊಳೆಯೊಂದಕ್ಕೆ ಸುತ್ತಿಕೊಂಡು ನಿಂತುಬಿಟ್ಟಿತ್ತು.

ಮೋಹಿತ್‌ನನ್ನು ಕರೆದು ತೋರಿಸಿದಳು. ಅವನು ಬಗ್ಗಿ ನೋಡಿದ.

“ಗೋಡೆನೂ ನೆಲಕ್ಕೇ ತಾನೇ ಸೇರಿರೋದು?”

“ಗಾರೆ ಒಳಗೆ ಅರ್ತಿಂಗ್ ಆಗಲ್ಲ ಸಾರ್.”

“ಕ್ವಾಲಿಟಿ ಆಡಿಟ್‌ನೋರು ಬೀರು ಸರಿಸಿ ನೋಡಲ್ಲ ಬಿಡಿ.”

“ಅವರು ನೋಡಲ್ಲ ಸಾರ್. ಚಿಪ್ಪಿಗೆ ಗೊತ್ತಾಗುತ್ತೆ.”

ಅವನಿಗೆ ಅಷ್ಟರಲ್ಲಿ ಫೋನು ಬಂತು. ಶಾಂತಲಾ ನೇರ ಕೆಳಗಿಳಿದಳು. ಪಾರ್ಕಿಂಗ್‌ನಲ್ಲಿ ಮೋಹಿತ್‌ನ ತಂದೆ ತಿಮ್ಮರಾಯಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಾಲದಲ್ಲಿ ಅದೇ ಜಾಗದಲ್ಲಿ ರಾಗಿ ಬೆಳೆದು, ಆಮೇಲೆ ಕಟ್ಟಡ ಕಟ್ಟಿಸಿದವರು.

“ಯಜಮಾನ್ರೇ, ಈ ಬಿಲ್ಡಿಂಗ್ ಅರ್ತಿಂಗ್ ಗುಂಡಿ ಎಲ್ಲಿದೆ?”

ಅವರು ಮಗನ ಕಾರಿನತ್ತ ಗಲ್ಲ ಎತ್ತಿದರು. “ಅದ್ರ ಕೆಳಗೈತೆ ತಾಯಿ. ಎಂಟಡಿ ತೆಗ್ಸಿ, ಉಪ್ಪು, ಇದ್ದಿಲು ತುಂಬ್ಸಿದ್ದೆ. ಪೈಪು ಮೇಲಕ್ಕೆ ಚಾಚ್ಕೊಂಡು ನೆಲದ ಗ್ರಾನೈಟಿನ ಅಂದ ಕೆಡಿಸ್ತದೆ ಅಂತ ನಿಮ್ ಸಾಹೇಬ್ರು ಕುಯ್ಸಾಕಿದ್ರು. ಯಾಕೆ, ಏನಾಯ್ತು?”

ಶಾಂತಲಾ ಹೇಳಿದಳು. ಮುದುಕರು ಎಲ್ಲ ಕೇಳಿಸಿಕೊಂಡು, “ಅರ್ತಿಂಗ್ ಸರಿಯಿಲ್ದಿದ್ರೆ ಹೊಲದ ಮೋಟ್ರೇ ಶಾಕ್ ಹೊಡ್ದು ಹೇಳ್ತಿತ್ತು. ಆ ಮೋಟ್ರಿಗಿರೋ ಬುದ್ಧಿ ನನ್ನ ಮಗನಿಗಿಲ್ಲ,” ಎಂದಷ್ಟೇ ಅಂದರು.

ಮಾರನೆಯ ದಿನ ಮೋಹಿತ್ ಬರುವಷ್ಟರಲ್ಲಿ ಗ್ರಾನೈಟ್ ಒಡೆದಿತ್ತು. ತಿಮ್ಮರಾಯಪ್ಪನವರು ಪಂಚೆ ಮೇಲೆ ಕಟ್ಟಿ, ಇದ್ದಿಲು ನೆನೆಯಲೆಂದು ಗುಂಡಿಗೆ ನೀರು ಬಿಡುತ್ತಿದ್ದರು. ಮೋಹಿತ್ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಮೇಲೆ ಹೋದ. ಸಂಜೆಯೊಳಗೆ ಗುಂಡಿಯಿಂದ ತಾಮ್ರದ ಪಟ್ಟಿ ಮೊದಲ ಮಹಡಿಗೆ ಬಂತು. ಮೊಳೆಯಿಂದ ತಂತಿ ಬಿಚ್ಚಿ, ಆ ತಾಮ್ರಕ್ಕೆ ಬಿಗಿದು, ಮೀಟರಿನಲ್ಲಿ ಪರೀಕ್ಷಿಸಿದವಳು ಶಾಂತಲಾಳೇ. ನೈಲಾನ್ ಜಾಕೆಟ್‌ಗಳು ಬೀರು ಸೇರಿದವು; ಯಾರೂ ಕೇಳಲಿಲ್ಲ.

ಮೇ ಹೊತ್ತಿಗೆ ಬೋರ್ಡು ವಾಪಸ್ ಬರುವುದು ನಿಂತಿತು. ಇಸಿಜಿ ಯಂತ್ರದ ಕಂಪನಿಯವರು ಮೆಚ್ಚಿ, ಗುಣಮಟ್ಟಕ್ಕೆಂದು ಪ್ಲಾಸ್ಟಿಕ್ಕಿನ ದೊಡ್ಡ ಟ್ರೋಫಿಯೊಂದನ್ನು ಕಳಿಸಿದರು. ತನ್ನ ನಾಯಕತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದ ಮೇಲೆ ಮೋಹಿತ್, ಉದಾರ ಮನಸ್ಸಿನಿಂದ, ಅದನ್ನು ಶಾಂತಲಾಳ ಮೇಜಿನ ಮೇಲೆ ಹೊಸ ಬೋರ್ಡುಗಳ ಪಕ್ಕದಲ್ಲೇ ಇಡಹೋದ.

“ಇಲ್ಲಿ ಬೇಡ ಸಾರ್. ಪ್ಲಾಸ್ಟಿಕ್ಕೂ ನೈಲಾನ್ ಥರಾನೇ.”

ಅವನ ಕೈ ಗಾಳಿಯಲ್ಲೇ ನಿಂತಿತು. ಈ ಸಲ ಅವನು ಸಲಹೆಗಾರರನ್ನು ಕೇಳಲಿಲ್ಲ.

“ಮತ್ತೆ ಎಲ್ಲಿಡ್ಲಿ?”

“ನಿಮ್ಮ ಕ್ಯಾಬಿನ್ನಲ್ಲಿ ಇಟ್ಕೊಳಿ ಸಾರ್,” ಎಂದಳು ಶಾಂತಲಾ, ಮುಂದಿನ ಬೋರ್ಡು ಎತ್ತಿಕೊಳ್ಳುತ್ತ. “ಅಲ್ಲಿ ಹಾಳಾಗೋ ಅಂಥದ್ದು ಏನೂ ಇಲ್ಲ.”