ಬೀಜಕ್ಕೆ ಬಿಟ್ಟ ಕಾಯಿ

ಕೆಂಪು ಬಟ್ಟೆ ಅಲ್ಲಾಡುತ್ತಿದೆಯಲ್ಲ, ನಿನ್ನೆ ಸಂಜೆಯವರೆಗೂ ಅದು ಹೀಗೆ ಗಾಳಿಗೆ ಅಲ್ಲಾಡುತ್ತಿರಲಿಲ್ಲ, ಹೀರೇಕಾಯಿಯ ಕುತ್ತಿಗೆಗೆ ಬಿಗಿಯಾಗಿ ಅಂಟಿಕೊಂಡಿತ್ತು, ದಾನವ್ವ ಬಕೆಟ್ಟು ಕೆಳಗಿಟ್ಟಳು, ಎಂಟು ಗಂಟೆಗೇ ತಾರಸಿಯ ಸಿಮೆಂಟು ಕಾಲು ಸುಡುತ್ತಿದೆ, ಏಪ್ರಿಲ್ಲೇ ಹೀಗಾದರೆ ಮೇ ಹೇಗೆ — ಬಟ್ಟೆ ಇದೆ, ತೊಟ್ಟು ಇದೆ, ಕಾಯಿ ಇಲ್ಲ. ಕೋತಿ ಇರಬೇಕು ಅಂದುಕೊಂಡಳು ಒಂದು ಗಳಿಗೆ, ಶೆಟ್ಟಿಹಳ್ಳಿಗೆ ಕೋತಿ ಬಂದು ಎಷ್ಟು ದಿನವಾಯಿತು, ಬಂದರೂ ಚಾಕು ಹಿಡಿದು ಬರುತ್ತದೆಯೇ, ತೊಟ್ಟಿನ ತುದಿ ನೋಡಿದರೆ ನುಣ್ಣಗೆ ಕೊಯ್ದಿದ್ದಾರೆ, ಇನ್ನೂ ಹಸಿಯಾಗಿದೆ, ಮನುಷ್ಯರದೇ ಕೆಲಸ. ಕಣ್ಣಿಗೆ ಬೀಳಲಿ ಅಂತಲೇ ತನ್ನ ಹಳೆಯ ಇಳಕಲ್ ಸೀರೆಯ ಅಂಚು ಹರಿದು ಕಟ್ಟಿದ್ದಳು, ಬೀಜಕ್ಕೆ ಬಿಟ್ಟ ಕಾಯಿಗೆ ಬಟ್ಟೆ ಕಟ್ಟುವುದು, ಕಟ್ಟಿದ್ದನ್ನು ಯಾರೂ ಮುಟ್ಟದೇ ಇರುವುದು, ಅವ್ವನ ಹಿತ್ತಲಲ್ಲಿ ಇದು ಮೂರು ವರ್ಷದ ಕೂಸಿಗೂ ಗೊತ್ತಿತ್ತು, ಏ ದಾನಿ, ಅದಕ್ಕ ಕೈ ಹಚ್ಚಬ್ಯಾಡ, ಅದು ಮುಂದಿನ ವರ್ಷದ್ದು, ಅಷ್ಟೇ ಹೇಳುತ್ತಿದ್ದಳು ಅವ್ವ, ಎರಡನೇ ಸಲ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಅವ್ವ ಹೋಗಿ ಎರಡು ವರ್ಷ, ಹಿತ್ತಲಲ್ಲಿ ಈಗ ಅಣ್ಣನ ಟ್ರ್ಯಾಕ್ಟರ್ ನಿಲ್ಲುತ್ತದೆ, ಅವಳ ಬೀಜದ ಗಂಟಿನಲ್ಲಿ ಉಳಿದಿದ್ದು ಐದೇ, ಎರಡು ಹುಟ್ಟಲೇ ಇಲ್ಲ, ಎರಡು ಸಸಿಯನ್ನು ಅಳಿಲು ಕಡಿದು ಹಾಕಿತು, ತಾರಸಿಯ ಹನ್ನೆರಡು ಕುಂಡಗಳಲ್ಲಿ ಅವ್ವನದೆಂದು ಉಳಿದದ್ದು ಪೇಂಟ್ ಡಬ್ಬಿಯ ಈ ಒಂದು ಬಳ್ಳಿ. ಇದಕ್ಕೆ ನೀರು ಕುಡಿಸಿದ ಕಥೆ ಯಾರಿಗೆ ಹೇಳಬೇಕು, ಬೋರ್ ಬತ್ತಿದೆ, ಟ್ಯಾಂಕರ್ ನೀರು ಗಿಡಕ್ಕೆ ಹಾಕ್ಬೇಡಿ ಕಣ್ರೀ ಅಂತ ಕೆಳಗಿನ ಮನೆಯ ಸುಮಕ್ಕ, ಓನರ್, ಮೆಟ್ಟಿಲ ಬಾಯಲ್ಲೇ ಕಾವಲು, ಅದಕ್ಕೇ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಫಿಲ್ಟರಿನಿಂದ ಸುಮ್ಮನೆ ಹರಿದುಹೋಗುವ ನೀರು, ಎಲ್ಲ ಬಕೆಟ್ಟಿಗೆ ಹಿಡಿದು ಎರಡು ಮಹಡಿ ಹೊತ್ತು ತಂದಿದ್ದು, ಸೊಂಟ ಯಾರದ್ದು. ಹೂವು ಅರಳುವುದು ಸಂಜೆ, ಒಂದು ದುಂಬಿ ಸುಳಿಯುವುದಿಲ್ಲ, ಪಕ್ಕದ ಅಪಾರ್ಟ್‌ಮೆಂಟಿನವರು ದಿನಾ ಸೊಳ್ಳೆಗೆ ಹೊಗೆ ಬಿಟ್ಟರೆ ಎಲ್ಲಿಂದ ಬರಬೇಕು, ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ತಾನೇ ಮುಟ್ಟಿಸುತ್ತ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು, ಹತ್ತರಲ್ಲಿ ಒಂಬತ್ತು ಹಳದಿಯಾಗಿ ಉದುರಿದವು, ಕಾಯಿ ಕಚ್ಚಿದ್ದು ಒಂದೇ, ಅದು ಹೆಬ್ಬೆರಳಿನಷ್ಟು ಆದ ದಿನ ಒಬ್ಬಳೇ ನಕ್ಕಿದ್ದಳು, ಅವ್ವನಿಗೆ ಹೇಳಬೇಕೆಂದು ಫೋನು ಕೈಗೆ ತೆಗೆದುಕೊಂಡೂ ಬಿಟ್ಟಿದ್ದಳು. ಇನ್ನು ಇಪ್ಪತ್ತು ದಿನ ಸಾಕಿತ್ತು, ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಅನ್ನುತ್ತಿತ್ತು, ಈಗ ಕೆಳಗಿನ ಎಲೆಗಳೆಲ್ಲ ಹಳದಿ, ಇನ್ನೊಂದು ಕಾಯಿ ಬಿಡುವ ಶಕ್ತಿ ಬಳ್ಳಿಗೆ ಉಳಿದಿಲ್ಲ.

ಯಾಕ ಹಂಗ ನಿಂತಿ, ಕಾಶಿನಾಥ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಮೇಲೆ ಬಂದಿದ್ದಾನೆ, ಗಂಡ ಅನ್ನಿಸಿಕೊಂಡವನು, ಕಾಯಿ ಏನಾತು ಅಂದರೆ, ನಾನ ಕೊಟ್ಟೆ, ನಸುಕಿನ್ಯಾಗ ನೀ ಹಾಲಿಗೆ ಹೋದಾಗ ಸುಮಕ್ಕಾರು ಬಂದಿದ್ರು, ತಾರಸಿ ಸೋರಾಕತ್ತೈತಂತ, ಕುಂಡ ಎಲ್ಲಾ ಇವತ್ತ ತೆಗೀರಿ ಅಂದ್ರು, ನಿನ್ನ ಗಿಡ ಉಳೀಲಿ ಅಂತ ಆ ಕಾಯಿ ಕೊಯ್ದು ಕೈಯಾಗ ಇಟ್ಟೆ, ತಣ್ಣಗಾದ್ರು. ತನ್ನ ಗಿಡ ಉಳಿಸಲು, ಕೇಳಿದಿರಾ, ತನ್ನ ಗಿಡ ಉಳಿಸಲು. ಬಟ್ಟಿ ಕಾಣಲಿಲ್ಲೇನ್ರೀ ನಿಮಗ. ಕಾಣದ ಏನು, ದೃಷ್ಟಿಗೆ ಕಟ್ಟೀದಿ ಅನಕೊಂಡೆ, ಬಿಚ್ಚಿ ತೊಟ್ಟಿಗೇ ಕಟ್ಟೀನಿ ನೋಡು, ಉಟ್ಟ ಸೀರಿ ಅಂಚು ಮಂದಿ ಮನಿಗೆ ಹೋಗಬಾರದಲ್ಲ. ಮಾಸ್ತರ ಮಗ, ಹೀರೇಕಾಯಿಯನ್ನು ತಟ್ಟೆಯಲ್ಲಿ ಮಾತ್ರ ಕಂಡವನು, ಅಂಚು ಹೋಗಬಾರದೆಂದು ಗೊತ್ತು, ಬೀಜ ಹೋಗಬಾರದೆಂದು ಗೊತ್ತಿಲ್ಲ, ಮೈ ಉರಿಯುತ್ತಿದೆ ಅವಳಿಗೆ, ಬಕೆಟ್ಟಿನ ನೀರನ್ನು ಅವನ ತಲೆಯ ಮೇಲೆ ಸುರಿಯಬೇಕು, ಅದೂ ಅಕ್ಕಿ ತೊಳೆದ ನೀರು, ದಂಡ. ಇನ್ನೊಂದು ಕಾಯಿ ಬಿಡತೈತಿ ಬಿಡು ಅನ್ನುತ್ತಾನೆ, ನರ್ಸರಿಯಾಗ ಬೀಜ ಸಿಗತಾವು ಅನ್ನುತ್ತಾನೆ, ನರ್ಸರಿಯದು ಮೊಳದುದ್ದ ಬೆಳೆಯುತ್ತದೆ, ರುಚಿ ಇಲ್ಲ ಪಚಿ ಇಲ್ಲ, ಅವ್ವನದು ಗೇಣುದ್ದದ ಜವಾರಿ ಕಾಯಿ, ಹೆಚ್ಚುವಾಗಲೇ ಓಣಿಗೆಲ್ಲ ಘಮ, ಅದು ಯಾವ ನರ್ಸರಿಯಲ್ಲಿದೆ.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ಸುಮಕ್ಕ, ಕೈಯಲ್ಲಿ ಡಬ್ಬಿ, ತಗೊಳ್ರೀ ದಾನವ್ವ, ಕಾಯಿ ಬಲ್ತೋಗ್ಬಿಟ್ಟಿತ್ತು, ಬರೀ ನಾರು, ವೇಸ್ಟ್ ಆಗ್ಬಾರ್ದು ಅಂತ ಸಿಪ್ಪೆ ಹುರಿದು ಚಟ್ನಿ ಮಾಡ್ದೆ. ಬೀಜ ಎಲ್ಲಿ ಅಕ್ಕಾರ. ಬೀಜಾನಾ, ತಿರುಳು ಬೀಜ ಎಲ್ಲಾ ಕಸದ ಆಟೋಗೆ ಹಾಕ್ದೆ, ಈಗ್ ತಾನೆ ಹೋಯ್ತು, ಯಾಕ್ರೀ. ಯಾಕೆ ಅಂತ ಎಲ್ಲಿಂದ ಶುರು ಮಾಡಬೇಕು, ಓಡಿ ಹೋಗಿ ಆಟೋ ನಿಲ್ಲಿಸಿದರೂ, ಕಾಯಿ ನಾರಾಗಿದ್ದರೂ ಒಳಗಿನದು ಇನ್ನೂ ಎಳೆಯ ಬಿಳಿ ಬೀಜ, ಮೊಳೆಯುವುದಿಲ್ಲ, ಎಲ್ಲಿ ಬಿತ್ತಿದರೂ ಕೊಳೆಯುತ್ತದೆ, ಅವ್ವನದು ಅಂತ ಇದ್ದದ್ದು ಮುಗಿಯಿತು. ಬೇಜಾರ್ ಮಾಡ್ಕೋಬೇಡಿ, ಕುಂಡ ಎಲ್ಲಾ ಇರ್ಲಿ, ಮಳೆಗಾಲಕ್ಕೆ ಇನ್ನೂ ನಾಲ್ಕು ಇಟ್ಕೊಳ್ಳಿ, ಹೀರೇಕಾಯಿನೇ ಹಾಕಿ, ನಮ್ಮನೆಗೂ ಆಗುತ್ತೆ. ಹೂಂ ಅಕ್ಕಾರ ಅಂದುಬಿಟ್ಟಿತು ಅವಳ ಬಾಯಿ, ಇಷ್ಟು ಸಿಟ್ಟು ತುಂಬಿಕೊಂಡ ಬಾಯಿ ಹೂಂ ಅಂದಿತು, ಥೂ, ಕೈ ಡಬ್ಬಿ ಇಸಿದುಕೊಂಡಿತು, ಇನ್ನೂ ಬಿಸಿಯಾಗಿದೆ. ಹನ್ನೆರಡು ಕುಂಡ, ಇನ್ನು ನಾಲ್ಕು, ಹದಿನಾರು ಕುಂಡದ ಮಣ್ಣು, ಅದರೊಳಗೆ ಹಾಕುವುದು ಏನನ್ನು — ಕಾಶಿನಾಥ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದಾನೆ, ಸುಮಕ್ಕ ಇಳಿದು ಹೋದಳು, ಗಾಳಿ ಬಂತು, ಕೆಂಪು ಬಟ್ಟೆ ಮತ್ತೆ ಅಲ್ಲಾಡಿತು, ದಾನವ್ವ ಹತ್ತಿರ ಹೋಗಿ ನೋಡಿದಳು, ಬಿಚ್ಚಿ ಹೋಗಬಾರದೆಂದು ಎರಡು ಗಂಟು ಹಾಕಿದ್ದಾನೆ, ಬರಿಯ ತೊಟ್ಟಿಗೆ, ಎರಡು ಗಂಟು.